ಅಪ್ಪ ಹಿಡಿಸಿದ ಸೀಟು

ನಾನು ಚಿಕ್ಕವನಿದ್ದಾಗ ನನಗೊಂದು ಕೆಲಸವಿತ್ತು, ಮಕ್ಕಳೇ: ಸೀಟು ಹಿಡಿಯುವುದು. ಪೂರಿಗಾಲಿಯಿಂದ ಮಳವಳ್ಳಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ಬಸ್ಸು ನಿಲ್ಲುವ ಮೊದಲೇ ಅಪ್ಪ ನನ್ನ ಕಂಕುಳಿಗೆ ಕೈಹಾಕಿ ಎತ್ತಿ, ಕಿಟಕಿಯಿಂದ ಒಳಕ್ಕೆ ತೂರಿಸುತ್ತಿದ್ದ. ಹಿಂದೆಯೇ ಅವನ ಟವೆಲ್ಲು ಬಂದು ಬೀಳುತ್ತಿತ್ತು. ಅದನ್ನು ಸೀಟಿನ ಉದ್ದಕ್ಕೂ ಹಾಸಿ ನಾನು ಮೇಲೆ ಕೂತುಬಿಡುತ್ತಿದ್ದೆ. "ಯಾರ್ ಬಂದ್ರೂ ಎದ್ದೇಳ್ಬ್ಯಾಡ ಕಣ್ಲಾ!" ಎಂದು ಅಪ್ಪ ಹೊರಗಿನಿಂದ ಕೂಗುತ್ತಿದ್ದ. ಯಾವ ದೊಣ್ಣೆನಾಯಕ ಬಂದರೂ ನಾನು ಏಳುತ್ತಿರಲಿಲ್ಲ.

ಆ ವರ್ಷ ಅಕ್ಕ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಳು. ಭಾವ ಹೊಸಪೇಟೆಯ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವ್ವ ಅಕ್ಕನ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿ ಸೊಂಟಕ್ಕೆ ಸಿಕ್ಕಿಸಿದಳು. "ಗಂಡನ ಮನೇಲೇ ಬಿಚ್ಬೇಕು. ದಾರೀಲಿ ಬಿಚ್ಬ್ಯಾಡ ಕಣವ್ವ," ಎಂದಳು. ಅಪ್ಪ, ಅಕ್ಕ, ಅಕ್ಕನ ಕೂಸು, ನಾನು ಮದ್ದೂರಿನಲ್ಲಿ ಸಂಜೆಯ ರೈಲು ಹತ್ತಿದೆವು. ನನಗೆ ಅದೇ ಮೊದಲ ರೈಲು. ಕಲ್ಲಿದ್ದಲ ಹೊಗೆ ಮೂಗಿಗೆ ಅಡರುತ್ತಿತ್ತು, ಮರದ ಹಲಗೆ ಬೆನ್ನಿಗೆ ಒತ್ತುತ್ತಿತ್ತು. ಆದರೂ ಗಡದ್ದಾಗಿ ನಿದ್ದೆ ಹೊಡೆದೆ.

ಬೆಳಗಾದ ಮೇಲೆ ಟಿಕೆಟ್ ನೋಡುವವರು ಬಂದರು. "ಹೊಸಪೇಟೆಗಾ? ಈ ಬೋಗಿ ಅಲ್ಲಿಗೆ ಹೋಗಲ್ಲ ಯಜಮಾನ್ರೇ. ಗುಂತಕಲ್ಲಲ್ಲಿ ರೈಲು ಎರಡಾಗುತ್ತೆ. ಮುಂದಿನ ಬೋಗಿಗಳು ಹೈದರಾಬಾದಿಗೆ, ಹಿಂದಿನವು ಹೊಸಪೇಟೆಗೆ. ರೈಲು ನಿಂತ ತಕ್ಷಣ ಇಳಿದು ಹಿಂದಕ್ಕೆ ಹೋಗಿ," ಎಂದರು.

"ಒಂದ್ ರೈಲು ಎರಡಾಯ್ತದಂತೆ! ಇದೇನ್ ಎರೆಉಳವಾ ತುಂಡಾಗಕ್ಕೆ?" ಎಂದು ಅಪ್ಪ ಗೊಣಗಿದ. ಆದರೆ ಅವನ ಮುಖ ಕಪ್ಪಿಟ್ಟಿತ್ತು.

ಗುಂತಕಲ್ಲು ಬಂದದ್ದೇ ಇಳಿದು ಓಡಿದೆವು. ಹಿಂದಿನ ಬೋಗಿಯ ಬಾಗಿಲಲ್ಲಿ ಕಾಲಿಡಲೂ ಜಾಗವಿಲ್ಲ. ಆಗ ಅಪ್ಪನಿಗೆ ಅದು ಮಳವಳ್ಳಿ ಬಸ್ಸಿನ ಹಾಗೇ ಕಂಡಿರಬೇಕು. ಆಗಿನ ಕಿಟಕಿಗಳಿಗೆ ಸರಳು ಇರಲಿಲ್ಲ. ಅಪ್ಪ ನನ್ನನ್ನು ಎತ್ತಿ ಒಳಕ್ಕೆ ತೂರಿಸಿದ. ಟವೆಲ್ಲು ಎಸೆದ. ಆಮೇಲೆ ಅಕ್ಕನ ಕೈಯಿಂದ ಕೂಸನ್ನು ತೆಗೆದು ಕಿಟಕಿಯಿಂದಲೇ ನನ್ನ ಮಡಿಲಿಗೆ ಕೊಟ್ಟ. "ಎದ್ದೇಳ್ಬ್ಯಾಡ ಕಣ್ಲಾ, ಬಂದೋ!" ಎಂದ. ಅವನೂ ಅಕ್ಕನೂ ಬಾಗಿಲ ಕಡೆ ತಿರುಗಿದರು.

ಢಬ್ ಎಂದು ಹಿಂದಿನಿಂದ ಇಂಜಿನ್ನೊಂದು ಬಂದು ಬೋಗಿಗೆ ಬಡಿಯಿತು. ಬೋಗಿ ಹಿಂದಕ್ಕೆ ಚಲಿಸಿತು.

"ಅಯ್ಯಯ್ಯೋ, ನನ್ ಕೂಸು! ನಿಲ್ಸ್ರಪ್ಪೋ!" ಅಕ್ಕ ಕೈ ಚಾಚಿಕೊಂಡು ಕಿಟಕಿಯ ಪಕ್ಕದಲ್ಲೇ ಓಡಿ ಬಂದಳು. ಪ್ಲಾಟ್‌ಫಾರಂ ಮುಗಿಯಿತು, ಅಕ್ಕ ಕಾಣದಾದಳು. ನಾನು ಕೂಸನ್ನು ಅವಚಿಕೊಂಡೆ. "ಇನ್ನಾ ನಿಧಾನ ಐತಿ, ಜಿಗೀ ತಮ್ಮಾ!" ಎಂದು ಯಾರೋ ಅವಸರಪಡಿಸಿದರು. ಅರ್ಧ ಎದ್ದೇಬಿಟ್ಟಿದ್ದೆ. ಅಪ್ಪನ ಮಾತು ನೆನಪಾಗಿ ಮತ್ತೆ ಕೂತೆ.

ಎದುರಿಗೆ ಕೈತುಂಬ ಹಸಿರು ಬಳೆಯ ಒಬ್ಬ ಹೆಂಗಸು ಚೀಲ ಇಟ್ಟುಕೊಂಡು ಕೂತಿದ್ದರು. "ಕೂಸು ಇಲ್ಲಿ ಕೊಡು, ನಾ ಹಿಡ್ಕೋತೀನಿ," ಎಂದರು.

"ಕೊಡಕಿಲ್ಲ," ಎಂದೆ.

ಬೋಗಿ ಹಳಿಗಳ ನಡುವೆ ಎಲ್ಲೋ ನಿಂತಿತು. ಇಂಜಿನ್ನು ಕಳಚಿಕೊಂಡು ಹೊರಟುಹೋಯಿತು. ಕೂಸು ಹಸಿದು ಕಿರುಚತೊಡಗಿತು. ಟವೆಲ್ಲಿನ ತುದಿಯನ್ನು ಅದರ ಬಾಯಿಗಿಟ್ಟೆ, ಉಗುಳಿತು. ಅಪ್ಪ, ಅಕ್ಕ ತಪ್ಪಿ ಮುಂದಿನ ಬೋಗಿ ಹತ್ತಿ ಹೈದರಾಬಾದಿಗೆ ಹೋಗಿಬಿಟ್ಟರೆ ಇದಕ್ಕೆ ಹಾಲು ಕೊಡುವವರು ಯಾರು? ಅದರ ಜೊತೆ ನಾನೂ ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಇಂಜಿನ್ನು ಬಂದು ತಗುಲಿಕೊಂಡು ನಮ್ಮನ್ನು ಬೇರೆ ಪ್ಲಾಟ್‌ಫಾರಂಗೆ ಎಳೆದು ತಂದಿತು. ಪಂಚೆ ಎತ್ತಿ ಕಟ್ಟಿ ಹಳಿಗಳನ್ನು ದಾಟಿಕೊಂಡು ಓಡಿ ಬರುತ್ತಿದ್ದ ಅಪ್ಪ ಕಂಡ. ಒಳಗೆ ಬಂದವನು ಮೊದಲು ಕೂಸಿನ ತಲೆ ಮುಟ್ಟಿದ, ಆಮೇಲೆ ನನ್ನದು. "ಕೂತಿದ್ಯಲ್ಲಾ ಮಗಾ, ಕೂತಿದ್ಯಲ್ಲಾ," ಎಂದು ಗಳಗಳನೆ ಅತ್ತ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿಂದೆಯೇ ಬಂದ ಅಕ್ಕ ಕೂಸನ್ನು ಎದೆಗೆ ಹಾಕಿಕೊಂಡಳು. ಓಡಿದ ರಭಸಕ್ಕೆ ಅವಳ ಸೆರಗು ಸಡಿಲವಾಗಿ ಮಡಿಲಕ್ಕಿಯೆಲ್ಲ ದಾರಿಯಲ್ಲಿ ಚೆಲ್ಲಿಹೋಗಿತ್ತು. "ಅವ್ವ ಕೊಟ್ಟಿದ್ದು, ಒಂದ್ ಕಾಳೂ ಉಳೀಲಿಲ್ವಲ್ಲಪ್ಪಾ," ಎಂದು ಬಿಕ್ಕಿದಳು. ಹಸಿರು ಬಳೆಯ ಹೆಂಗಸು ತಮ್ಮ ಚೀಲ ಬಿಚ್ಚಿ, ಬೊಗಸೆ ತುಂಬ ಜೋಳ ತೆಗೆದು ಅಕ್ಕನ ಸೆರಗಿಗೆ ಸುರಿದರು. "ಬರೇ ಉಡಿ ಇಟ್ಕೊಂಡು ಗಂಡನ ಮನೀಗೆ ಹೋಗಬಾರ್ದವ್ವಾ," ಎಂದರು.

ವಾಪಸು ಬರುವಾಗ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಬಂತು. ಒಳಗೆ ಸೀಟು ಖಾಲಿ ಕಾಣುತ್ತಿತ್ತು. ಎತ್ತಲಿ ಎಂದು ನಾನು ಎರಡೂ ತೋಳು ಮೇಲೆ ಮಾಡಿ ನಿಂತೆ. ಅಪ್ಪ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಗಿಲಿಂದ ಹತ್ತುವಷ್ಟರಲ್ಲಿ ಸೀಟೆಲ್ಲ ತುಂಬಿತ್ತು, ಮಳವಳ್ಳಿಯವರೆಗೂ ನಿಂತೇ ಹೋದೆವು. ಮತ್ತೆಂದೂ ಅವನು ನನ್ನನ್ನು ಕಿಟಕಿಯಿಂದ ತೂರಿಸಲಿಲ್ಲ.

ನಿಮಗೇನಪ್ಪ, ಬೋಗಿ ಯಾವುದು, ಸೀಟು ಯಾವುದು ಎಂದು ಫೋನೇ ಹೇಳುತ್ತದೆ. ನಿಮ್ಮ ಎ.ಸಿ. ಬೋಗಿಯ ಕಿಟಕಿ ತೆರೆಯುವುದೂ ಇಲ್ಲ. ಆ ಕೂಸೇ ಈಗ ನಿಮಗೆ ಜೋಳದ ರೊಟ್ಟಿ ತಂದುಕೊಡುವ ಹೊಸಪೇಟೆ ಅಜ್ಜಿ. ರೈಲು ನಿಂತಾಗ ನೀವು ಚಿಪ್ಸ್ ತರಲು ಎದ್ದರೆ ನಾನು ಗದರುತ್ತೇನೆ, ನೀವು ಮುಸಿಮುಸಿ ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ರೈಲು ಒಮ್ಮೆ ಢಬ್ ಎಂದರೆ ಸಾಕು, ಇವತ್ತಿಗೂ ನನ್ನ ಎರಡು ಕೈಯೂ ಮಡಿಲಲ್ಲಿ ಕೂಸನ್ನು ಹುಡುಕುತ್ತವೆ.