ಏಣಿ ತೆಗೆಯುವವನು

ಶಹಾಬಜಾರದ ಚಹಾದಂಗಡಿಯಲ್ಲಿ ನನ್ನನ್ನು ಎಲ್ಲರೂ ಪೈಲಟ್ ಸಾಹೇಬರೆನ್ನುತ್ತಿದ್ದರು. ಮೊದಮೊದಲು ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ನನಗೇ ರುಚಿ ಹತ್ತಿತು.

ಮೆಟ್ರಿಕ್ ಮುಗಿಸಿ ವಾಯುಪಡೆ ಸೇರಿದ ನಾನು ಯುದ್ಧದಲ್ಲಿ ಮಾಡಿದ್ದು ನೆಲದ ಮೇಲಿನ ಕೆಲಸ. ಪೈಲಟ್ ಹತ್ತಿ ಕೂತ ಮೇಲೆ ಹಿಂದೆಯೇ ಏಣಿ ಹತ್ತಿ ಬೆಲ್ಟು ಬಿಗಿಯುವುದು, ಗಾಜು ಒರೆಸುವುದು, ಇಳಿದು ಏಣಿ ತೆಗೆದು ಸೆಲ್ಯೂಟ್ ಹೊಡೆಯುವುದು. ವಿಮಾನ ಮರಳಿದರೆ ಮತ್ತೆ ಏಣಿ ಹಚ್ಚುವುದು.

ಒಂದು ದಿನ ನನ್ನ ಪೈಲಟ್ ಮರಳಲಿಲ್ಲ. ಕತ್ತಲಾಗುವವರೆಗೆ ಏಣಿ ಹಿಡಿದು ನಿಂತಿದ್ದೆ. ಅವರ ಆ ಹಾರಾಟವನ್ನೇ ನನ್ನದೆಂದು ಹೇಳುತ್ತ ಬಂದೆ. ನನ್ನ ಕಥೆಯಲ್ಲಿ ಮಾತ್ರ ವಿಮಾನ ಮರಳುತ್ತಿತ್ತು. ಕೇಳಿದವರು ನನಗೆ ಇನ್ನೊಂದು ಕಪ್ ಹೇಳುತ್ತಿದ್ದರು. ಸತ್ತವರ ಹೆಸರಿನಲ್ಲಿ ಅಷ್ಟು ಚಹಾ ಕುಡಿದಿದ್ದೇನೆ.

“ಸ್ಕೂಟರ್ ಹೊಡಿಲಾಕ ಬರಂಗಿಲ್ಲ, ಇಮಾನ ಹಾರಿಸ್ಯಾರಂತ,” ಎನ್ನುತ್ತಿದ್ದಳು ಹೆಂಡತಿ.

ಕಳೆದ ಗಣರಾಜ್ಯೋತ್ಸವಕ್ಕೆ ಕಮಲಾಪುರದ ಶಾಲೆಯೊಂದರವರು ಪೈಲಟ್‌ಗೆ ಸನ್ಮಾನವೆಂದು ನನ್ನನ್ನು ಕರೆದರು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ತಗಡಿನ ಯುದ್ಧವಿಮಾನ. ರೆಕ್ಕೆಗಳ ತುಂಬ ದಾನಿಗಳ ಹೆಸರು. ನಾನು ಅದರಲ್ಲಿ ಕೂತು ಫೋಟೊ ತೆಗೆಸಿಕೊಳ್ಳಬೇಕಿತ್ತು. ಕ್ಯಾಮೆರಾ ಕಂಡದ್ದೇ ಸಭೆಯ ಅಧ್ಯಕ್ಷರಾಗಿದ್ದ ಊರಿನ ಮುಖಂಡರೊಬ್ಬರು ತಾವೇ ಹತ್ತಿ ಕೂತರು.

“ಬರ್ರಿ ಪೈಲಟ್ ಸಾಹೇಬ್ರ, ಹ್ಯಾಂಗ ಕೂಡ್ಬೇಕು ತೋರಿಸ್ರಿ,” ಎಂದರು.

ಪಕ್ಕಕ್ಕಿದ್ದ ಏಣಿ ಹತ್ತಿದೆ. ಕೈಗಳು ನನ್ನನ್ನು ಕೇಳಲಿಲ್ಲ. ಅವರ ಹೊಟ್ಟೆಯ ಮೇಲೆ ಬೆಲ್ಟು ಬಿಗಿದು, ಪ್ಲಾಸ್ಟಿಕ್ ಗಾಜನ್ನು ಕರವಸ್ತ್ರದಿಂದ ಒರೆಸಿ, ಇಳಿದು, ಏಣಿ ತೆಗೆದು ದೂರ ನಿಂತು ಸೆಲ್ಯೂಟ್ ಹೊಡೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಫೋಟೊ ಮುಗಿದರೂ ನಾನು ಏಣಿ ಹಿಡಿದೇ ನಿಂತಿದ್ದೆ.

“ಏಣಿ ಹಚ್ರೀ, ಬಿಸಲ ಹತ್ಲಾಕತ್ತದ,” ಮೇಲಿನಿಂದ ಅಧ್ಯಕ್ಷರು.

ಹೆಡ್‌ಮಾಸ್ತರರು ಶಾಲು ಹಿಡಿದುಕೊಂಡು ಓಡಿ ಬಂದರು. “ಇಲ್ಲಿ ಕೊಡ್ರಿ ಸರ್. ಪೈಲಟ್ ಆದವ್ರು ಏಣಿ ಹೊರೂದೇನ್ರಿ?”

“ನಾ ಪೈಲಟ್ ಅಲ್ಲರೀ. ಏಣಿ ತಗಿಯಾಂವ. ಹಾರಿದವ್ರು ಬ್ಯಾರೆ. ಅವ್ರು ತಿರುಗಿ ಬರಲೇ ಇಲ್ಲ.”

ಅವರು ಕೈಯಲ್ಲಿದ್ದ ಶಾಲು ನೋಡಿದರು. “ಹಂಗಾರ ಇದನ್ನ ಯಾರಿಗಿ ಹಾಕ್ಲಿ?”

“ಅದನ್ನ ಆಮ್ಯಾಲ ನೋಡ್ರಿ, ಮೊದ್ಲ ನನ್ನ ಇಳಸ್ರಿ,” ಎಂದರು ಅಧ್ಯಕ್ಷರು.

ಏಣಿ ಹಚ್ಚಿ ಬೆಲ್ಟು ಬಿಚ್ಚಿದೆ. ಅವರು ನನ್ನ ಹೆಗಲು ಹಿಡಿದು ಇಳಿದರು. ಹೆಡ್‌ಮಾಸ್ತರರು ಶಾಲನ್ನು ಅವರಿಗೇ ಹೊದಿಸಿದರು.

ಮರುದಿನ ಚಹಾದಂಗಡಿಯಲ್ಲಿ ಅದೇ ಕಥೆ ಮೊದಲಿನಿಂದ ಹೇಳಿದೆ. ಈ ಸಲ ವಿಮಾನ ಮರಳಲಿಲ್ಲ. ಯಾರೂ ಇನ್ನೊಂದು ಕಪ್ ಹೇಳಲಿಲ್ಲ.