ನಾನು ತುಂಬಿದ ಇಪ್ಪತ್ತು ಮನೆಗಳು

ನನ್ನ ತಂಗಿಗೆ ಡಿಗ್ರಿಯ ಕೊನೆಯ ವರ್ಷ. ಪರೀಕ್ಷೆ ಬರೆದರಷ್ಟೇ ಸಾಲದು, ಒಂದು ಊರಿನ ಐವತ್ತು ಮನೆಗಳನ್ನು ವಿಚಾರಿಸಿ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು, ಇಲ್ಲದಿದ್ದರೆ ಪಾಸಿಲ್ಲ ಎಂದು ಕಾಲೇಜಿನಲ್ಲಿ ಹೇಳಿದ್ದರು. ಅವಳು ಪಾಪಿನಾಯಕನಹಳ್ಳಿಯನ್ನು ಆರಿಸಿಕೊಂಡಳು. ಹೊಸಪೇಟೆಯಿಂದ ನನ್ನ ಆಟೋ ದಿನಾ ಅಲ್ಲಿಗೆ ಹೋಗುತ್ತಿತ್ತಲ್ಲ, ಅದಕ್ಕೆ. ಮೂವತ್ತು ಮನೆ ಮುಗಿಸುವಷ್ಟರಲ್ಲಿ ಚಿಕೂನ್‌ಗುನ್ಯಾ ಬಂದು ಮಲಗಿದಳು. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದಳು.

"ಯಣ್ಣಾ, ಉಳಿದ ಇಪ್ಪತ್ತು ನೀ ಮಾಡ್ಕೊಂಡು ಬಾ. ಫಾರಂನಾಗಿನ ಪ್ರಶ್ನೆ ಓದಿ ಕೇಳೂದು, ಅವ್ರು ಹೇಳಿದ್ದು ಬರಿಯೂದು. ಕೊನಿಗೆ ಸೈನು ಇಲ್ಲಾಂದ್ರ ಹೆಬ್ಬೆಟ್ಟು. ಅಷ್ಟ."

"ಅಷ್ಟ ಅಲ್ಲೇನು, ಕೊಡು," ಎಂದು ಫಾರಂ ತೆಗೆದುಕೊಂಡೆ. ನಾನು ಓದಿದ್ದು ಏಳನೇ ತರಗತಿ. ಬಸ್ಸಿನ ಬೋರ್ಡು, ಪೇಪರಿನ ದಪ್ಪ ಅಕ್ಷರ ಓದುತ್ತೇನೆ. ಆದರೆ ಜನರೆದುರು ಗಟ್ಟಿಯಾಗಿ ಓದಿದ್ದು ಶಾಲೆ ಬಿಟ್ಟ ಮೇಲೆ ಇಲ್ಲವೇ ಇಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ, ಜೊತೆಗೆ ನಾಲ್ಕು ಹೆಂಗಸರು, ಶೇಂಗಾ ಸುಲಿಯುತ್ತಿದ್ದರು. ನಾನು ಶುರುಮಾಡಿದೆ: "ನಿಮ್ಮದು ಅವಿ... ಅವಿಭ... ಅವಿಭಕ್ತ ಕುಟುಂಬವೇ?"

"ಯಾಕೋ ತಮ್ಮಾ, ಗಂಟಲಾಗ ಶೇಂಗಾ ಸಿಕ್ಕೊಂಡತೇನು?" ಎಂದಳು ಅಜ್ಜಿ. ಎಲ್ಲರೂ ನಕ್ಕರು. "ಮೊನ್ನಿ ಬಂದಿದ್ದ ಹುಡುಗಿ ಪಟಪಟ ಕೇಳ್ತಿತ್ತಪಾ. ಆಕಿನ್ನ ಕಳಸು ಹೋಗು."

ತಮಾಷೆಗೆ ಅಂದದ್ದು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಸವಾರಿ ಕಾಯುತ್ತಿದೆ ಎಂದು ಸುಳ್ಳು ಹೇಳಿ ಹೊರಟೆ. ಊರ ಹೊರಗೆ ಹುಣಸೆಮರದ ಕೆಳಗೆ ಆಟೋ ನಿಲ್ಲಿಸಿ, ಎರಡು ಮಧ್ಯಾಹ್ನ ಕೂತು ಇಪ್ಪತ್ತು ಮನೆಗಳನ್ನೂ ನಾನೇ ತುಂಬಿದೆ. ಎಲ್ಲರಿಗೂ ಎರಡೆರಡು ಎಮ್ಮೆ ಕೊಟ್ಟೆ, ಮನೆಮುಂದೆ ನಲ್ಲಿ ಹಾಕಿಸಿದೆ. ಮನೆಯ ಹಿರಿಯರ ಓದು ಎಂಬಲ್ಲಿ ಏಳನೇ ತರಗತಿ ಎಂದು ಬರೆದೆ. ಅದಕ್ಕಿಂತ ಮೇಲೆ ಬರೆಯಲು ಕೈ ಏಳಲಿಲ್ಲ. ಹೆಬ್ಬೆಟ್ಟಿನ ಜಾಗದಲ್ಲಿ ನನ್ನ ಹತ್ತೂ ಬೆರಳು ಒತ್ತಿದೆ. ಎರಡನೇ ಸುತ್ತಿಗೆ ಅವನ್ನೇ ಓರೆ ಮಾಡಿ ಒತ್ತಿದೆ.

"ಅವ್ವಾ, ಅಣ್ಣ ಎರಡ ದಿನದಾಗ ಮುಗಿಸ್ಯಾನ ನೋಡು!" ಎಂದು ತಂಗಿ ಮನೆತುಂಬ ಹೇಳಿಕೊಂಡಳು. ಹಾಸಿಗೆಯಲ್ಲೇ ಕೂತು ಲೆಕ್ಕ ಹಾಕತೊಡಗಿದಳು. ಒಂದು ಸಂಜೆ ಕರೆದು ಕೇಳಿದಳು.

"ಯಣ್ಣಾ, ನೀ ಹೋದ ಓಣ್ಯಾಗ ಎಲ್ಲಾರೂ ಏಳನೇತ್ತ ಓದ್ಯಾರೇನು?"

"ಹೂಂ. ಅವಾಗ ಸಾಲಿ ಅಷ್ಟಕ್ಕ ಇತ್ತಂತ."

ನಂಬಿದಳು. ಒಪ್ಪಿಸುವ ಹಿಂದಿನ ದಿನ ವರದಿಯನ್ನು ನನಗೆ ಓದಿ ಹೇಳಿದಳು. ಶಾಲೆ ಏಳಕ್ಕೇ ನಿಂತದ್ದರಿಂದ ಆ ಓಣಿಯವರ ಓದೂ ಅಲ್ಲಿಗೇ ನಿಂತಿತು ಎಂದು ಒಂದು ಪುಟ ಬರೆದಿದ್ದಳು. "ಇದು ನಿನ್ನಿಂದ ಸಿಕ್ಕಿದ್ದು. ಸರ್ ಭಾಳ ಮೆಚ್ಚತಾರ," ಎಂದು ಮೊದಲ ಪುಟ ತಿರುವಿದಳು. ಅಲ್ಲಿ, ಗುರುಗಳಿಗಿಂತ ಮೊದಲು, ನನಗೆ ಕೃತಜ್ಞತೆ ಹೇಳಿದ್ದಳು.

ಆಗ ಎಲ್ಲ ಹೇಳಿಬಿಟ್ಟೆ.

ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ಹತ್ತೂ ಬೆರಳೇನು?"

"ಹೂಂ."

"ಕಾಲಿಂದು ಯಾಕ ಬಿಟ್ಟಿ?" ಎಂದು ನಕ್ಕಳು. ನಗುತ್ತಲೇ ಅತ್ತಳು. "ಓದಕ್ಕ ತ್ರಾಸ ಆಕ್ಕತಿ ಅಂತ ನನಗ ಹೇಳಬಾರದೇನಣ್ಣಾ?"

"ನಿನ್ನ ಮುಂದ ಹೆಂಗ ಹೇಳ್ಲಿ?"

ಮತ್ತೆ ಊರಿಗೆ ಹೋಗಲು ದಿನ ಉಳಿದಿರಲಿಲ್ಲ. ಆ ಇಪ್ಪತ್ತು ಫಾರಂಗಳನ್ನೂ ಆ ಪುಟವನ್ನೂ ತೆಗೆದು, ಐವತ್ತು ಇದ್ದಲ್ಲೆಲ್ಲ ಮೂವತ್ತು ಎಂದು ತಿದ್ದಿದಳು. ಮರುದಿನ ನಾನೇ ಕಾಲೇಜಿಗೆ ಕರೆದೊಯ್ದೆ. ಅವಳು ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿದಳು. ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತೆ.

"ಐವತ್ತು ಹೇಳಿದ್ದೆ. ಮೂವತ್ತೇ ಯಾಕ್ ಮಾಡೀರಿ?" ಎಂದು ಮೇಷ್ಟ್ರು ಕೇಳಿದ್ದು ಕೇಳಿಸಿತು. ನಾನು ಎದ್ದು ನಿಂತೆ.

"ನಾನೇ ಮಾಡ್ಲಿಲ್ಲ ಸರ್."

"ಆರಾಮಿರ್ಲಿಲ್ಲೇನಮ್ಮಾ?"

"ಇರ್ಲಿಲ್ಲ ಸರ್. ಆದ್ರ ಯಾರನ್ನಾರ ಕೇಳಬಹುದಿತ್ತು. ಕೇಳ್ಲಿಲ್ಲ."

ಒಳಗೆ ಹೋಗಿ ನಾಲ್ಕು ಮಾತು ಹೇಳಬಹುದಿತ್ತು. ನಾನು ಮತ್ತೆ ಕೂತುಕೊಂಡೆ. ಮರದ ಕೆಳಗೆ ಮಾಡಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಡುತ್ತದೆ.

ಮೇಷ್ಟ್ರು ಅಂಕ ಕಡಿದು ವರದಿ ತೆಗೆದುಕೊಂಡರು, ತಂಗಿ ಪಾಸಾದಳು. ಪ್ರಾಜೆಕ್ಟಿನಲ್ಲಿ ಹೋದ ಅಂಕಗಳಿಂದ ಫಸ್ಟ್ ಕ್ಲಾಸ್ ಮಾತ್ರ ತಪ್ಪಿತು. ಅಣ್ಣ ತಂದ ಇಪ್ಪತ್ತನ್ನು ಲೆಕ್ಕಕ್ಕೆ ಸೇರಿಸಲು ಬೇಸರವಾಗಿ ಬಿಟ್ಟೆ ಎಂದು ತಂಗಿ ಅವ್ವನಿಗೆ ಹೇಳಿದ್ದಳು. ಅವ್ವ ಅದನ್ನು ಇನ್ನೂ ಮರೆತಿಲ್ಲ. ಮೊನ್ನೆ ನೆಂಟರು ಬಂದಾಗಲೂ, "ಕೊನಿಗೆ ಮೈಗಳ್ಳತನ ಮಾಡಿದ್ಲು ನೋಡ್ರಿ, ಇಲ್ಲಾಂದ್ರ ಫಸ್ಟ್ ಕ್ಲಾಸ್ ಬರ್ತಿತ್ತು," ಎಂದಳು. ನಾನು ಬಾಯಿ ತೆರೆದೆ. ಅಡುಗೆಮನೆ ಬಾಗಿಲಲ್ಲಿದ್ದ ತಂಗಿ, "ಯಣ್ಣಾ, ಚಾ ಆರತೈತಿ, ಕುಡಿ," ಎಂದಳು.

ಕುಡಿದೆ. ಅಲ್ಲಿ ನುಂಗಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ಅವ್ವಾ, ಮೈಗಳ್ಳತನ ಅವಳದಲ್ಲ.