ಹಾರೆ ಬಿದ್ದ ಜಾಗ

2019ರ ಮಹಾಪೂರದ ಹೊತ್ತಿಗೆ ನಾನು ಗಡಹಿಂಗ್ಲಜ ತಾಲೂಕಿನಲ್ಲಿ ರಸ್ತೆ ಕೂಲಿಗಳ ಮುಕಾದಮನಾಗಿದ್ದೆ, ಅಂದರೆ ಅವರ ಮೇಸ್ತ್ರಿ. ಹಿರಣ್ಯಕೇಶಿ ಹೊಳೆಯ ಒಂದು ತಗ್ಗು ಸೇತುವೆಯ ಕಾವಲು ನನ್ನ ಪಾಲಿಗೆ ಬಂದಿತ್ತು. ನಾಲ್ಕು ದಿನ ಮುಳುಗಿದ್ದ ಸೇತುವೆ ಐದನೆಯ ದಿನ ಬೆಳಗ್ಗೆ ಮೇಲೆದ್ದಿತು. ಡಾಂಬರು ತೊಳೆದಿಟ್ಟ ಹಂಚಿನ ಹಾಗೆ ಹೊಳೆಯುತ್ತಿತ್ತು. ಆದರೂ ಅಡ್ಡ ಇಟ್ಟ ಡ್ರಮ್ಮುಗಳನ್ನು ನಾನು ತೆಗೆಯಲಿಲ್ಲ.

ನನಗೆ ಕೆಲಸ ಕಲಿಸಿದ ಕಲ್ಲಪ್ಪಜ್ಜ ಹೇಳುತ್ತಿದ್ದ: "ಹೊಳಿ ಏರೂ ಮುಂದ ಅಂಜಸ್ತೈತಿ, ಇಳಿಯೂ ಮುಂದ ಕೊಲ್ಲತೈತಿ." ಸೇತುವೆಗೆ ರಸ್ತೆ ಕೂಡುವಲ್ಲಿನ ಮಣ್ಣನ್ನು ಇಳಿಯುವ ನೀರು ಒಳಗಿಂದೊಳಗೇ ಎಳೆದೊಯ್ಯುತ್ತದೆ, ಮೇಲಿನ ಡಾಂಬರು ಹಾಗೇ ಉಳಿಯುತ್ತದೆ. ಹಾರೆಯಿಂದ ಕುಟ್ಟಿ ಸದ್ದು ಕೇಳಿದರೆ ಮಾತ್ರ ತಿಳಿಯುವುದು.

ಏಳು ಗಂಟೆಗೆ ಬಸಪ್ಪ ತನ್ನ ಬೈಕನ್ನು ನನ್ನ ಕಾಲಿಗೆ ತಾಗುವಂತೆ ತಂದು ನಿಲ್ಲಿಸಿದ. ಇಚಲಕರಂಜಿಯ ಪಾವರ್‌ಲೂಮ್ ಕಾರ್ಖಾನೆಯಲ್ಲಿ ಮಗ್ಗ ನಡೆಸುವ ಕೂಲಿ.

"ಮುಕಾದಮ್ರ, ಡ್ರಮ್ ಸರಸ್ರಿ. ಹನ್ನೆರಡರ ಪಾಳಿಗೆ ನಾ ನಿಲ್ಲಲಿಲ್ಲಂದ್ರ ಮಾಲಕ ನನ್ನ ಮಗ್ಗ ಬ್ಯಾರೆಯವ್ಗ ಕೊಡ್ತಾನ."

"ಇಂಜಿನಿಯರ್ ಸಾಹೇಬ್ರು ಬಂದು ನೋಡೂತನಕ ಬಿಡಂಗಿಲ್ಲ. ನಿಯಮ ಐತಿ."

"ನೀರ ಇಳದೈತಿ, ಇವರ ಸೊಕ್ಕ ಇಳದಿಲ್ಲ ನೋಡ್ರಿ!"

ನೆರೆದ ಜನ ನಕ್ಕರು. ಹಿಂದಿನಿಂದ ಒಬ್ಬ ಮುದುಕಿ ಸೇರಿಸಿದಳು: "ಆ ಡ್ರಮ್ಮಿಗೆ ಪಗಾರ ಕೊಟ್ಟಿದ್ರೂ ಇಷ್ಟ ಕೆಲಸ ಮಾಡತಿತ್ತೋ ಯಪ್ಪಾ!"

ನನಗೂ ಸಿಟ್ಟು ನೆತ್ತಿಗೇರಿತು. ಹಾರೆ ಪಕ್ಕದಲ್ಲೇ ಇತ್ತು, ಎರಡು ಏಟು ಕುಟ್ಟಿ ತೋರಿಸಬಹುದಿತ್ತು. ಇಂಥವರಿಗೆ ತೋರಿಸುವುದೇನು ಎಂದು ಬಾಯಿ ಬಿಗಿದುಕೊಂಡು ಡ್ರಮ್ಮಿನ ಮೇಲೆ ಕೂತೆ. ಸಾಹೇಬರು ಈಗ ಬಂದಾರು, ಆಗ ಬಂದಾರು ಎಂದು ಬಸಪ್ಪನೂ ಕಾದ.

ಹತ್ತರ ಹೊತ್ತಿಗೆ ಅವನು ನನ್ನ ಕೊರಳಪಟ್ಟಿಗೆ ಕೈ ಹಾಕಿದ. ಗುಂಡಿ ಕಿತ್ತುಬಂತು. ನಾನು ಹಾರೆ ಎತ್ತಿಕೊಂಡೆ. ಹೊಡೆಯುತ್ತೇನೆಂದು ಜನ ಹಿಂದೆ ಸರಿದರು. ಗಟ್ಟಿ ನೆಲದ ಮೇಲೆ ನಿಂತು, ಕೈ ಚಾಚಿ, ಸೇತುವೆ ಕೂಡುವಲ್ಲಿ ಕುಟ್ಟಿದೆ. ಖಾಲಿ ಕಣಜ ಬಡಿದ ಸದ್ದು. ಮೂರನೆಯ ಏಟಿಗೆ ಡಾಂಬರು ಒಡೆದು ಹಾರೆ ಕೈಯಿಂದ ಜಾರಿ ಒಳಗೆ ಹೋಯಿತು. ಒಂದು ಕ್ಷಣ ಬಿಟ್ಟು, ಕೆಳಗೆಲ್ಲೋ ನೀರಿಗೆ ಬಿದ್ದ ಸಪ್ಪಳ.

ಬಸಪ್ಪ ಬಗ್ಗಿ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಇದನ್ನ ಏಳಕ್ಕ ತೋರಿಸಿದ್ರ ನಾ ಹೆದ್ದಾರಿ ಸೇತುವಿಗೆ ಸುತ್ತ ಹಾಕಿ ಹೋಗತಿದ್ನಿ. ಮೂರ ತಾಸಿನ ದಾರಿ. ಪಾಳಿ ಸಿಗತಿತ್ತು."

ಬೈಕ್ ತಿರುಗಿಸಿಕೊಂಡು ಹೋದ. ಅವನ ಮಗ್ಗ ಆ ದಿನವೇ ಬೇರೆಯವನ ಪಾಲಾಯಿತು.

ಈಗ ಅವನು ಊರಲ್ಲೇ ಕುರಿ ಕಾಯುತ್ತಾನೆ. ಗಡಹಿಂಗ್ಲಜದ ಸಂತೆಯಲ್ಲಿ ನಾನು ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ಅವನ ಜೀವ ಉಳಿಸಿದೆನೆಂದು ಊರವರು ನನ್ನನ್ನು ಹೊಗಳುವಾಗ ಮೈ ಮುದುಡುತ್ತದೆ. ದಾರಿ ತಡೆದವನು, ತಡೆದದ್ದು ಯಾಕೆಂಬುದನ್ನು ಬೈಯುವವನಿಗೂ ಕೂಡಲೇ ತೋರಿಸಬೇಕು. ನಾನು ತೋರಿಸಿದ್ದು ಮೂರು ತಾಸು ತಡವಾಗಿ.